ಮಗಳ ತಟ್ಟೆಯಿಂದ ಅನ್ನ ತೆಗೆಯಬೇಡಿ, ಸೂಜಿಯ ಹೊತ್ತು ಬದಲಿಸಿ

ಪ್ರಶ್ನೆ: ನಮ್ಮದು ಅಂಕೋಲಾ ಹತ್ತಿರ. ಮಗಳಿಗೆ 14 ವರ್ಷ, ಒಂಬತ್ತನೇ ಕ್ಲಾಸು. ಮೂರು ವರ್ಷದಿಂದ ಟೈಪ್ 1 ಶುಗರ್. ಊಟಕ್ಕೆ ಅಸ್ಪಾರ್ಟ್ ಇನ್ಸುಲಿನ್, ರಾತ್ರಿ ದಿನವಿಡೀ ನಿಧಾನಕ್ಕೆ ಕೆಲಸ ಮಾಡುವ ಗ್ಲಾರ್ಜಿನ್ ಇನ್ಸುಲಿನ್. ಹೋದ ತಿಂಗಳು ಡಾಕ್ಟ್ರು ಎರಡು ವಾರ ತೋಳಿಗೆ ಶುಗರ್ ನೋಡುವ ಸೆನ್ಸರ್ ಹಾಕಿಸಿದ್ದರು. ಅದರಲ್ಲಿ ನೋಡಿ ಗಾಬರಿಯಾಯಿತು. ಊಟಕ್ಕೆ ಮುಂಚೆ 120 ಇರುವ ಶುಗರ್ ಊಟ ಆಗಿ ಒಂದು ಗಂಟೆಗೆ 280 ಆಗುತ್ತದೆ. ಆಗ ನಾನು 2 ಯೂನಿಟ್ ಜಾಸ್ತಿ ಕೊಡುತ್ತೇನೆ. ಸಂಜೆ ಐದೂವರೆಗೆ 58ಕ್ಕೆ ಇಳಿದು ಕೈಕಾಲು ನಡುಗುತ್ತದೆ. ಮಧ್ಯಾಹ್ನ 8 ಯೂನಿಟ್ ಅಂತ ಡಾಕ್ಟ್ರು ಹೇಳಿದ್ದಾರೆ. ಅವಳು ಎಷ್ಟು ಉಣ್ಣುತ್ತಾಳೋ ನೋಡಿಕೊಂಡು ಆಮೇಲೇ ಇಂಜೆಕ್ಷನ್ ಕೊಡುತ್ತೇನೆ. ಮೂರು ಸೌಟು ಅನ್ನ ಉಣ್ಣುತ್ತಿದ್ದವಳಿಗೆ ಈಗ ಎರಡೇ ಸೌಟು ಹಾಕುತ್ತಿದ್ದೇನೆ. ಸಕ್ಕರೆ ಪೂರ್ತಿ ಬಿಡಿಸಿದ್ದೇವೆ, ದೋಸೆಗೆ ಸ್ವಲ್ಪ ಜೋನಿಬೆಲ್ಲ ಮಾತ್ರ. ಇನ್ನೇನು ಕಡಿಮೆ ಮಾಡಲಿ? ಮೇ ತಿಂಗಳಲ್ಲಿ ಮನೆಯಲ್ಲಿ ಮದುವೆ ಇದೆ. ಇಷಾಡ ಮಾವಿನ ಹಣ್ಣು ಕೊಡಬಹುದಾ? ಹೋದ ವರ್ಷ ಕೊಟ್ಟಿರಲಿಲ್ಲ, ತುಂಬಾ ಅತ್ತಳು.

ಉತ್ತರ: ನಿಮ್ಮ ಪ್ರಶ್ನೆಯ ನಡುವೆ ಒಂದು ಸಾಲಿದೆ, "ಎಷ್ಟು ಉಣ್ಣುತ್ತಾಳೋ ನೋಡಿಕೊಂಡು ಆಮೇಲೇ ಇಂಜೆಕ್ಷನ್ ಕೊಡುತ್ತೇನೆ" ಅಂತ. ನೀವು ಅದನ್ನು ಹಾಗೇ ಹೇಳಿ ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತುಬಿಟ್ಟೆ. ಈ 280ಕ್ಕೂ ಸಂಜೆಯ 58ಕ್ಕೂ ಮುಖ್ಯ ಕಾರಣ ಅಲ್ಲೇ ಇದೆ. ಅನ್ನದ ತಪ್ಪು ಕಡಿಮೆ, ಮಗಳದ್ದಂತೂ ಏನೂ ತಪ್ಪಿಲ್ಲ.

ನೀವು ಹಾಗೆ ಮಾಡೋದು ಯಾಕೆ ಅಂತ ನನಗೆ ಚೆನ್ನಾಗಿ ಗೊತ್ತು. ಇನ್ಸುಲಿನ್ ಕೊಟ್ಟ ಮೇಲೆ ಹುಡುಗಿ "ಸಾಕು" ಅಂತ ಎದ್ದುಬಿಟ್ಟರೆ? ಶುಗರ್ ಬಿದ್ದುಹೋದರೆ? ಒಂದು ಸಲ ಮಗು ಬೆವತು, ಮಾತು ತೊದಲಿ ಒರಗಿದ್ದನ್ನು ಕಂಡ ಯಾವ ತಾಯಿಯೂ ಆ ಹೆದರಿಕೆ ಮರೆಯೋದಿಲ್ಲ. ಟೈಪ್ 1, ಅಂದರೆ ಮೈ ತಾನಾಗಿ ಇನ್ಸುಲಿನ್ ಮಾಡಿಕೊಳ್ಳದ ಶುಗರ್ ಇರುವ ಮಕ್ಕಳ ಮನೆಗಳಲ್ಲಿ ನಾನು ಅತಿ ಹೆಚ್ಚು ಕಾಣುವ ಅಭ್ಯಾಸವೇ ಇದು. ಪ್ರೀತಿಯಿಂದ ಬಂದದ್ದು. ಆದರೆ ಇನ್ಸುಲಿನ್‌ಗೆ ಅದು ಗೊತ್ತಾಗೋದಿಲ್ಲ. ಅದು ತನ್ನ ಹೊತ್ತಿಗೇ ಕೆಲಸ ಮಾಡುತ್ತದೆ.

ಶುಗರ್ ಇಲ್ಲದವರಲ್ಲಿ ಏನಾಗುತ್ತದೆ ನೋಡಿ. ತುತ್ತು ಬಾಯಿಗೆ ಬಿದ್ದ ಕೆಲವೇ ನಿಮಿಷಕ್ಕೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡಲು ಶುರು ಮಾಡುತ್ತದೆ. ಅದು ನೇರ ಲಿವರ್‌ಗೆ ಹೋಗುತ್ತದೆ, ಕೆಲಸ ಮುಗಿಸಿ ಬೇಗ ಕರಗಿಹೋಗುತ್ತದೆ. ನಾವು ಚುಚ್ಚುವ ಇನ್ಸುಲಿನ್ ಚರ್ಮದ ಕೆಳಗಿನ ಕೊಬ್ಬಿನಲ್ಲಿ ಕೂತು, ಅಲ್ಲಿಂದ ನಿಧಾನಕ್ಕೆ ರಕ್ತಕ್ಕೆ ಸೇರಬೇಕು. ನಿಮ್ಮ ಮಗಳ ಅಸ್ಪಾರ್ಟ್ ಬೇಗ ಕೆಲಸ ಮಾಡುವ ಜಾತಿಯದ್ದೇ ಹೌದು. ಆದರೂ ಅದು ಶುರುವಾಗಲು 10ರಿಂದ 20 ನಿಮಿಷ ಬೇಕು. ಜೋರು ಹಿಡಿಯೋದು ಒಂದರಿಂದ ಎರಡು ಗಂಟೆಗೆ, ಪೂರ್ತಿ ಇಳಿಯಲು ಮೂರರಿಂದ ಐದು ಗಂಟೆ. ಅನ್ನ ಹಾಗಲ್ಲ. ಹದಿನೈದು ನಿಮಿಷಕ್ಕೆಲ್ಲ ಶುಗರ್ ಏರಲು ಶುರು, ಒಂದು ಒಂದೂವರೆ ಗಂಟೆಗೆ ತುತ್ತತುದಿ.

ಈಗ ನಿಮ್ಮ ಮನೆಯ ಒಂದು ಭಾನುವಾರದ ಲೆಕ್ಕ ಹಾಕೋಣ. ಒಂದೂವರೆಗೆ ಊಟಕ್ಕೆ ಕೂತಳು ಅಂದುಕೊಳ್ಳಿ. ಎರಡಕ್ಕೆ ಕೈ ತೊಳೆದಳು. ಆಗ ನೀವು 8 ಯೂನಿಟ್ ಕೊಟ್ಟಿರಿ. ಅನ್ನ ಆಗಲೇ ಅರ್ಧ ಗಂಟೆ ಮುಂದೆ ಹೋಗಿಯಾಗಿದೆ. ಇನ್ಸುಲಿನ್ ಈಗಷ್ಟೇ ಹೊರಟಿದೆ. ಮೂರು ಗಂಟೆಗೆ ನೀವು ಸೆನ್ಸರ್ ನೋಡುವಾಗ ಅನ್ನ ತುದಿಯಲ್ಲಿದೆ, 280. ನಿಮಗೆ "ಡೋಸ್ ಸಾಲಲಿಲ್ಲ" ಅನ್ನಿಸುತ್ತದೆ. 2 ಯೂನಿಟ್ ಮತ್ತೆ ಕೊಡುತ್ತೀರಿ. ಮೂರೂವರೆ ನಾಲ್ಕಕ್ಕೆ ಮೊದಲಿನ 8 ಯೂನಿಟ್ ಜೋರು ಹಿಡಿಯುತ್ತದೆ. ಅದರ ಹಿಂದೆಯೇ ಈ 2 ಯೂನಿಟ್ ಬರುತ್ತದೆ. ಅಷ್ಟು ಹೊತ್ತಿಗೆ ಅನ್ನದ ಕೆಲಸ ಮುಗಿದಿದೆ, ಮೇಲಾಗಿ ಅನ್ನವೂ ಒಂದು ಸೌಟು ಕಡಿಮೆ. ಐದೂವರೆಗೆ 58 ಆಗದೆ ಇನ್ನೇನಾಗುತ್ತದೆ?

ಕುಮಟಾ ಕಡೆ ಅಘನಾಶಿನಿ ದಂಡೆಯ ಗಜನಿ, ಅಂದರೆ ಹೊಳೆಯ ಉಪ್ಪುನೀರು ಏರಿ ಬರುವ ಗದ್ದೆ ನೋಡಿರುತ್ತೀರಿ. ಭರತ ಏರುವ ಮುಂಚೆ ಬಾಗಿಲು ಹಾಕಿದರೆ ಉಪ್ಪುನೀರು ಹೊರಗೇ ನಿಲ್ಲುತ್ತದೆ. ನೀರು ಒಳಗೆ ನುಗ್ಗಿದ ಮೇಲೆ ಹಾಕಿದರೆ? ಬಾಗಿಲು ಅದೇ, ಗದ್ದೆ ಅದೇ, ಹೊತ್ತು ಮಾತ್ರ ತಪ್ಪಿದೆ.

ಹಾಗಾಗಿ ಮೊದಲ ಕೆಲಸ, ಊಟದ ಇನ್ಸುಲಿನ್ ಊಟಕ್ಕೆ ಮುಂಚೆ ಕೊಡಿ. ಅಸ್ಪಾರ್ಟ್, ಲಿಸ್‌ಪ್ರೋ, ಗ್ಲುಲಿಸಿನ್, ಬೇಗ ಕೆಲಸ ಮಾಡುವ ಈ ಮೂರು ಇನ್ಸುಲಿನ್‌ಗೂ ಸಾಮಾನ್ಯವಾಗಿ 15ರಿಂದ 20 ನಿಮಿಷ ಮುಂಚೆ. ನಾಳೆಯಿಂದಲೇ ಇಪ್ಪತ್ತು ನಿಮಿಷಕ್ಕೆ ಹಾರಬೇಡಿ. ನಿಮ್ಮ ಡಾಕ್ಟರಿಗೆ ಒಂದು ಫೋನ್ ಮಾಡಿ, "ಇಷ್ಟು ದಿನ ಊಟ ಆದ ಮೇಲೆ ಕೊಡುತ್ತಿದ್ದೆ, ಇನ್ನು ಮುಂಚೆ ಕೊಡುತ್ತೇನೆ, ಮಧ್ಯಾಹ್ನದ 8 ಯೂನಿಟ್ ಹಾಗೇ ಇರಲಾ?" ಅಂತ ಕೇಳಿ. ಬಹುಶಃ ಅವರಿಗೆ ನೀವು ಆಮೇಲೆ ಕೊಡುತ್ತಿರೋದು ಗೊತ್ತೇ ಇರಲಿಕ್ಕಿಲ್ಲ. ಮೊದಲ ಮೂರು ದಿನ ಊಟಕ್ಕೆ ಕೂರುವ ಐದು ನಿಮಿಷ ಮುಂಚೆ. ಶುಗರ್ ಸರಿ ಇದೆ ಅಂದರೆ ಮುಂದಿನ ಮೂರು ದಿನ ಹತ್ತು ನಿಮಿಷ. ಆಮೇಲೆ ಹದಿನೈದು. ಆ ದಿನಗಳಲ್ಲಿ ಊಟ ಸುಮಾರು ಒಂದೇ ತರ ಇರಲಿ, ಉಳಿದದ್ದು ಏನೂ ಬದಲಿಸಬೇಡಿ. ಎರಡು ಮೂರು ವಿಷಯ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯೋದೇ ಇಲ್ಲ.

ಊಟಕ್ಕೆ ಮುಂಚಿನ ಶುಗರ್ 80ರ ಆಸುಪಾಸು ಇದ್ದರೆ ಕಾಯುವುದು ಬೇಡ, ಇಂಜೆಕ್ಷನ್ ಕೊಟ್ಟು ತಕ್ಷಣ ಊಟಕ್ಕೆ ಕೂರಿಸಿ. 70ಕ್ಕಿಂತ ಕೆಳಗಿದ್ದರೆ ಮೊದಲು ಸಕ್ಕರೆ ನೀರು, ಶುಗರ್ ಏರಿದ ಮೇಲೆ ಇನ್ಸುಲಿನ್. 200ರ ಮೇಲಿದ್ದರೆ ಸ್ವಲ್ಪ ಜಾಸ್ತಿ ಹೊತ್ತು ಕಾಯಬಹುದು.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಅನ್ನ ಬೆಂದು ಒಲೆಯಿಂದ ಇಳಿಯುವ ತನಕ ಸೂಜಿ ಮುಟ್ಟಬೇಡಿ. "ಇನ್ನೇನು ಆಗುತ್ತೆ" ಅಂತ ಚುಚ್ಚಿ, ಗ್ಯಾಸ್ ಖಾಲಿಯಾಗಿ, ಪಕ್ಕದ ಮನೆಗೆ ಓಡಿದವರನ್ನು ಕಂಡಿದ್ದೇನೆ. ಮದುವೆ ಮನೆಯಲ್ಲಂತೂ ಇನ್ನೂ ಜಾಗ್ರತೆ. ಹನ್ನೆರಡೂವರೆಗೆ ಊಟ ಅಂದವರು ಎರಡೂವರೆಗೆ ಎಲೆ ಹಾಕುತ್ತಾರೆ. ಅಲ್ಲಿ ಗಡಿಯಾರ ನಂಬಬೇಡಿ. ಎಲೆ ಬಿದ್ದು ಬಡಿಸಲು ಶುರುವಾದ ಮೇಲೆ ಕೊಡಿ. ಆ ಒಂದು ದಿನ ಶುಗರ್ ಸ್ವಲ್ಪ ಏರಿದರೆ ಏರಲಿ.

ಇನ್ನು, ಕೊಟ್ಟ ಮೇಲೆ ಉಣ್ಣದಿದ್ದರೆ ಅನ್ನೋ ಹೆದರಿಕೆ. ಇದಕ್ಕೆ ಎರಡು ದಾರಿ. ಒಂದು, ಬಿಟ್ಟ ಅನ್ನದ ಬದಲಿಗೆ ಏನಾದರೂ ಕೊಡಿ. ಒಂದು ಸೌಟು ಬಿಟ್ಟಳು ಅಂದರೆ ಒಂದು ಲೋಟ ಹಾಲು ಮತ್ತು ಒಂದು ಸಣ್ಣ ಬಾಳೆಹಣ್ಣು ಹೆಚ್ಚುಕಡಿಮೆ ಅಷ್ಟಕ್ಕಷ್ಟು. ಎರಡು, ಜ್ವರ ಬಂದಾಗ, ಬಾಯಿ ರುಚಿ ಕೆಟ್ಟಾಗ, ಖಂಡಿತ ಉಣ್ಣುವಷ್ಟಕ್ಕೆ ಮಾತ್ರ ಮುಂಚೆ ಕೊಟ್ಟು ಉಳಿದದ್ದನ್ನು ಉಂಡ ಮೇಲೆ ಕೊಡಬಹುದು. ಹೇಗೆ ಹಂಚಿ ಕೊಡೋದು ಅಂತ ಡಾಕ್ಟರ ಹತ್ತಿರ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಜ್ವರದ ರಾತ್ರಿ ಹೊತ್ತು ಕೇಳೋದಕ್ಕಿಂತ ಅದು ವಾಸಿ.

ಬೇರೆ ಓದುಗರಿಗೂ ಉಪಯೋಗ ಆಗಲಿ ಅಂತ ಒಂದು ಮಾತು. ಎಲ್ಲರಿಗೂ ಅಸ್ಪಾರ್ಟ್ ಸಿಗೋದಿಲ್ಲ. ಹಳೆಯ ರೆಗ್ಯುಲರ್ ಇನ್ಸುಲಿನ್ ಆದರೆ ಊಟಕ್ಕೆ ಅರ್ಧ ಗಂಟೆ ಮುಂಚೆ ಬೇಕು, ಅದು ಇನ್ನೂ ನಿಧಾನ. ಬೇಗದ್ದೂ ನಿಧಾನದ್ದೂ ಸೇರಿಸಿದ 30/70 ಮಿಶ್ರಣದಲ್ಲಿ ಊಟಕ್ಕೆ ತಕ್ಕಂತೆ ಡೋಸ್ ಬದಲಿಸೋದು ಕಷ್ಟ, ಊಟದ ಹೊತ್ತೂ ಅಳತೆಯೂ ದಿನಾ ಒಂದೇ ಇರಬೇಕಾಗುತ್ತದೆ. ಬಾಟಲಿಯ ಇನ್ಸುಲಿನ್ ತೆಗೆದುಕೊಳ್ಳುವವರು ಸಿರಿಂಜ್ ನೋಡಿಕೊಳ್ಳಿ. ನಮ್ಮಲ್ಲಿ ಬಾಟಲಿ ಹೆಚ್ಚಾಗಿ 40ರದ್ದು, ಅಂದರೆ ಒಂದು ಎಂಎಲ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100ರದ್ದಕ್ಕೆ ಕಿತ್ತಳೆ ಮುಚ್ಚಳ. ಅದಲು ಬದಲಾದರೆ ಡೋಸ್ ಎರಡೂವರೆ ಪಟ್ಟು ಹೆಚ್ಚುಕಡಿಮೆ ಆಗಿಬಿಡುತ್ತದೆ.

ಈಗ ಅನ್ನಕ್ಕೆ ಬರೋಣ. ಇಲ್ಲಿ ನನಗೆ ನಿಜವಾಗಿ ಬೇಸರ ಆಯಿತು. 14 ವರ್ಷದ ಬೆಳೆಯುವ ಹುಡುಗಿಗೆ ಒಂದು ಸೌಟು ಅನ್ನ ಕಡಿಮೆ ಮಾಡಿ, ಡೋಸ್ ಮಾತ್ರ ಅದೇ 8 ಇಟ್ಟಿದ್ದೀರಿ. ದಯವಿಟ್ಟು ಆ ಸೌಟು ಅವಳಿಗೆ ವಾಪಸ್ ಕೊಡಿ.

ಇನ್ಸುಲಿನ್ ಬರುವ ಮುಂಚೆ ಈ ಕಾಯಿಲೆಯ ಮಕ್ಕಳಿಗೆ ಡಾಕ್ಟರುಗಳು ಕೊಡುತ್ತಿದ್ದ ಚಿಕಿತ್ಸೆಯೇ ಹಸಿವು. ಅನ್ನ, ರೊಟ್ಟಿ ಎಲ್ಲ ತೆಗೆದು, ಮೂಳೆ ಚರ್ಮ ಆಗುವ ಹಾಗೆ ಉಪವಾಸ ಇಟ್ಟು ಕೆಲವು ತಿಂಗಳು, ಹೆಚ್ಚೆಂದರೆ ಒಂದೆರಡು ವರ್ಷ ಉಳಿಸಿಕೊಳ್ಳುತ್ತಿದ್ದರು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊದಲ ಸಲ ಇನ್ಸುಲಿನ್ ಚುಚ್ಚಿಸಿಕೊಂಡ ಲಿಯೊನಾರ್ಡ್ ಥಾಂಪ್ಸನ್‌ಗೂ ಆಗ 14 ವರ್ಷ. ಉಪವಾಸದಿಂದ ಅವನ ತೂಕ ತೀರಾ ಇಳಿದುಹೋಗಿತ್ತು. ಇನ್ಸುಲಿನ್ ಬಂದದ್ದೇ ಆ ಮಕ್ಕಳು ಮತ್ತೆ ಹೊಟ್ಟೆ ತುಂಬಾ ಉಣ್ಣಲಿ ಅಂತ. ನಿಮ್ಮ ಫ್ರಿಜ್‌ನಲ್ಲಿ ಆ ಔಷಧ ಇರುವಾಗ ಮಗಳು ಯಾಕೆ ಹಸಿದು ಏಳಬೇಕು?

ಹಾಗಂತ ಎಷ್ಟು ಬೇಕಾದರೂ ಅಂತಲ್ಲ. ಅಳತೆ ಗೊತ್ತಿರಬೇಕು. ಊಟದ ಶುಗರ್‌ಗೆ ಮುಖ್ಯವಾಗಿ ಲೆಕ್ಕಕ್ಕೆ ಬರೋದು ಕಾರ್ಬೋಹೈಡ್ರೇಟ್. ಅನ್ನ, ಅವಲಕ್ಕಿ, ರೊಟ್ಟಿ, ಹಣ್ಣು, ಹಾಲು, ಬೆಲ್ಲ, ಸಕ್ಕರೆ ಇವುಗಳಲ್ಲಿರುವ ಅಂಶ. ಮೀನಿನಲ್ಲಿ ಅದು ಇಲ್ಲ ಅಂದರೂ ನಡೆಯುತ್ತದೆ, ಮೊಟ್ಟೆಯಲ್ಲೂ ಹಾಗೇ, ತೆಂಗಿನಕಾಯಿಯಲ್ಲಿ ಕಡಿಮೆ. ಒಂದು ಅಡುಗೆಮನೆ ತಕ್ಕಡಿ ತನ್ನಿ, ಬ್ಯಾಟರಿಯದ್ದು, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನಾನು ನಮ್ಮ ಮನೆಯ ಸೌಟನ್ನೇ ತೂಗಿ ನೋಡಿದ್ದೆ. ಸುಮ್ನೆ ತೆಗೆದು ಹಾಕಿದ ಒಂದು ಸೌಟು ಅನ್ನ 85 ಗ್ರಾಂ. ಅದೇ ಸೌಟಿನಲ್ಲಿ ಒತ್ತಿ, ಗೋಪುರ ಮಾಡಿ ತೆಗೆದರೆ 110 ಗ್ರಾಂ. ಬೆಂದ ಅನ್ನ 100 ಗ್ರಾಂಗೆ ಕಾರ್ಬ್ ಸುಮಾರು 28 ಗ್ರಾಂ ಅಂತ ಹಿಡಿದರೆ ಮೊದಲನೆಯದರಲ್ಲಿ 24, ಎರಡನೆಯದರಲ್ಲಿ 31. ಮೂರು ಸೌಟಿಗೆ 20 ಗ್ರಾಂಗಿಂತ ಜಾಸ್ತಿ ವ್ಯತ್ಯಾಸ. ಅಂದರೆ ಅಮ್ಮ ಬಡಿಸಿದ ದಿನಕ್ಕೂ ಅಜ್ಜಿ ಬಡಿಸಿದ ದಿನಕ್ಕೂ ಎರಡು ಯೂನಿಟ್‌ನಷ್ಟು ಅಂತರ ಬರಬಹುದು. "ಅದೇ ಊಟ, ಅದೇ ಡೋಸ್, ಆದರೂ ಇವತ್ತು ಯಾಕೆ ಹೀಗೆ" ಅಂತ ಎಷ್ಟೋ ಮನೆಯಲ್ಲಿ ತಲೆ ಕೆಡಿಸಿಕೊಳ್ಳುವುದು ಈ ಸೌಟಿನ ಸಲುವಾಗಿ.

ಒಂದು ವಾರ ತೂಗಿದರೆ ಸಾಕು, ಆಮೇಲೆ ಕಣ್ಣಿಗೇ ಅಂದಾಜು ಸಿಗುತ್ತದೆ. ಗಂಜಿಗೆ ಅಕ್ಕಿ ಹಾಕುವಾಗಲೇ ತೂಗಿ, ಯಾಕೆಂದರೆ ಬೆಂದ ಮೇಲೆ ನೀರಿನ ತೂಕವೇ ಜಾಸ್ತಿ. 100 ಗ್ರಾಂ ಅಕ್ಕಿಗೆ ಸುಮಾರು 78 ಗ್ರಾಂ ಕಾರ್ಬ್. ಅವಲಕ್ಕಿಯೂ ಹತ್ತಿರ ಹತ್ತಿರ ಅಷ್ಟೇ. ರಾಗಿ ಹಿಟ್ಟು 70ರ ಆಸುಪಾಸು, ಅದರಲ್ಲಿ ನಾರು ಇದೆ, ಒಳ್ಳೆಯದೇ, ಆದರೆ "ರಾಗಿ ಅಲ್ವಾ, ಏನಾಗೋದಿಲ್ಲ" ಅನ್ನೋ ಮಾತು ಸುಳ್ಳು. ಕುಚಲಕ್ಕಿ ಅನ್ನ ಬೆಳ್ತಿಗೆಗಿಂತ ಸಾಮಾನ್ಯವಾಗಿ ನಿಧಾನಕ್ಕೆ ಏರಿಸುತ್ತದೆ. ಲೆಕ್ಕಕ್ಕೆ ಮಾತ್ರ ಎರಡೂ ಅನ್ನವೇ.

ಇದರ ಮೇಲೆ ಎಷ್ಟು ಗ್ರಾಂ ಕಾರ್ಬ್‌ಗೆ ಒಂದು ಯೂನಿಟ್ ಅನ್ನೋ ಲೆಕ್ಕ ಪ್ರತಿ ಮಗುವಿಗೂ ಬೇರೆ. ಉದಾಹರಣೆಗೆ 10 ಗ್ರಾಂಗೆ 1 ಯೂನಿಟ್ ಅಂದರೆ, ಮೂರು ಸೌಟು ಅನ್ನಕ್ಕೆ 7, ಎರಡು ಸೌಟಿಗೆ 5. ನಿಮ್ಮ ಮಗಳ ಲೆಕ್ಕ ಏನು ಅಂತ ನಿಮ್ಮ ಡಾಕ್ಟರೇ ಹೇಳಬೇಕು. ಮುಂದಿನ ಭೇಟಿಯಲ್ಲಿ ಇದನ್ನೇ ಕೇಳಿ. "8 ಯೂನಿಟ್" ಅನ್ನೋ ಒಂದೇ ಅಂಕಿಯ ಬದಲು ಈ ಲೆಕ್ಕ ಕೈಗೆ ಸಿಕ್ಕರೆ ಹಬ್ಬದ ದಿನವೂ ಉಪವಾಸದ ದಿನವೂ ನಿಮಗೆ ದಾರಿ ಇರುತ್ತದೆ. ಸ್ಪೆಷಲಿಸ್ಟ್ ನೋಡಲು ನಮ್ಮ ಜಿಲ್ಲೆಯವರು ಮಣಿಪಾಲ, ಹುಬ್ಬಳ್ಳಿ ಇಲ್ಲವೇ ಗೋವಾಕ್ಕೆ ಹೋಗಬೇಕು, ಒಂದು ಇಡೀ ದಿನ ಹೋಗುತ್ತದೆ. ಹೋಗುವಾಗ ಏಳು ದಿನದ ಊಟ, ಡೋಸ್, ಹೊತ್ತು, ಊಟಕ್ಕೆ ಮುಂಚಿನ ಮತ್ತು ಎರಡು ಗಂಟೆ ನಂತರದ ಶುಗರ್ ಬರೆದ ಹಾಳೆ ಹಿಡಿದುಕೊಂಡು ಹೋಗಿ. ಅದಿಲ್ಲದೆ ಹೋದರೆ ಡಾಕ್ಟರು ಅಂದಾಜಿನ ಮೇಲೆಯೇ ಹೇಳಬೇಕಾಗುತ್ತದೆ.

ಜೋನಿಬೆಲ್ಲದ ವಿಷಯ ಬೇಗ ಮುಗಿಸುತ್ತೇನೆ. ಅದು ಸಕ್ಕರೆಗೆ ಬದಲಿ ಅಲ್ಲ, ಸಕ್ಕರೆಯೇ. ಬೆಳಗ್ಗೆ ತೆಳ್ಳೇವಿಗೋ ದೋಸೆಗೋ ಅದನ್ನು ಹಾಕಿಕೊಂಡರೆ ಶುಗರ್ ಏರೋದು ಖಂಡಿತ. ಬೆಳಗ್ಗೆ ಹೊತ್ತು ಮೈಯಲ್ಲಿ ಇನ್ಸುಲಿನ್ನಿಗೆ ಎದುರಾಗುವ ಹಾರ್ಮೋನುಗಳು ಜಾಸ್ತಿ ಇರುತ್ತವೆ. ಅದಕ್ಕೇ ಮಧ್ಯಾಹ್ನದ ಅನ್ನಕ್ಕಿಂತ ಬೆಳಗಿನ ದೋಸೆ ಹೆಚ್ಚು ಏರಿಸೋದು. ಅಕ್ಕಿ ನುಣ್ಣಗೆ ರುಬ್ಬಿ ಹೊಯ್ದ ದೋಸೆ ಹೊಟ್ಟೆಯಲ್ಲಿ ಬೇಗ ಕರಗುತ್ತದೆ ಬೇರೆ. ದೋಸೆ ಬಿಡಿಸಬೇಡಿ. ಬೆಲ್ಲದ ಬದಲು ಕಾಯಿ ಚಟ್ನಿ, ಜೊತೆಗೆ ಒಂದು ಮೊಟ್ಟೆ ಇಲ್ಲವೇ ಮೊಳಕೆ ಹೆಸರುಕಾಳಿನ ಉಸಳಿ. ಬೆಳಗ್ಗೆ ಎದ್ದು ಮುಖ ತೊಳೆದು, ಶುಗರ್ ನೋಡಿ, ಇಂಜೆಕ್ಷನ್ ತೆಗೆದುಕೊಂಡು, ಆಮೇಲೆ ಜಡೆ ಹಾಕಿಸಿಕೊಂಡು ಯೂನಿಫಾರ್ಮ್ ತೊಡಲಿ. ಹದಿನೈದು ನಿಮಿಷ ಅಲ್ಲೇ ಕಳೆದಿರುತ್ತದೆ, ಕಾಯಿಸಿದ ಹಾಗೆ ಅವಳಿಗೆ ಅನ್ನಿಸೋದೂ ಇಲ್ಲ.

ತಟ್ಟೆಯಲ್ಲಿ ಯಾವುದನ್ನು ಮೊದಲು ತಿನ್ನುತ್ತಾಳೆ ಅನ್ನೋದೂ ಕೆಲಸಕ್ಕೆ ಬರುತ್ತದೆ. ಪಲ್ಯ, ಕೋಸಂಬರಿ, ಮೀನು ಮೊದಲು, ಅನ್ನ ಆಮೇಲೆ. ನಾರು, ಪ್ರೋಟೀನ್ ಮೊದಲು ಹೊಟ್ಟೆಗೆ ಹೋದರೆ ಅನ್ನ ಕರುಳಿಗೆ ಇಳಿಯೋದು ನಿಧಾನ ಆಗುತ್ತದೆ, ಏರಿಕೆಯೂ ಮೆಲ್ಲಗೆ. ನಮ್ಮಲ್ಲಿ ಅನ್ನ ಸಾರು ಕಲೆಸಿ ಮೊದಲು ಉಂಡು ಬಂಗಡೆ ಹುರಿದದ್ದನ್ನು ಕೊನೆಗೆ ಇಟ್ಟುಕೊಳ್ಳುವ ಮಕ್ಕಳೇ ಜಾಸ್ತಿ. ಅರ್ಧ ಬಂಗಡೆ ಮೊದಲೇ ಕೊಟ್ಟುಬಿಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್, ಆಗ ತಟ್ಟೆಯಲ್ಲಿ ಗಂಜಿ, ಉಪ್ಪಿನಕಾಯಿ, ಸಾರು ಇಷ್ಟೇ ಉಳಿಯುತ್ತದೆ ಎಷ್ಟೋ ಮನೆಗಳಲ್ಲಿ. ಮಳೆಗಾಲದಲ್ಲಿ ಶುಗರ್ ಯಾಕೋ ಏರುಪೇರು ಅಂತ ಬರುವವರಿಗೆ ನಾನು ಮೊದಲು ಕೇಳೋದೇ ಊಟದ ಜೊತೆ ಏನಿತ್ತು ಅಂತ. ಆ ಎರಡು ತಿಂಗಳು ಮೊಟ್ಟೆ, ಕಡಲೆ, ಹೆಸರು, ಅಲಸಂಡೆ ಕಾಳು ಮನೆಯಲ್ಲಿರಲಿ.

ಎಣ್ಣೆ, ಕೊಬ್ಬು ಜಾಸ್ತಿ ಇರುವ ಊಟ ಮಾತ್ರ ಬೇರೆ ತರ. ಕೋಳಿ ಸಾರು ವಡೆ, ಬಿರಿಯಾನಿ ತಿಂದ ದಿನ ಎರಡು ಗಂಟೆಗೆ ಶುಗರ್ ಚೆನ್ನಾಗಿರುತ್ತದೆ, ನೀವು ನೆಮ್ಮದಿಯಿಂದ ಮಲಗುತ್ತೀರಿ, ನಾಲ್ಕೈದು ಗಂಟೆ ಆದ ಮೇಲೆ ಏರಲು ಶುರು. ಅಂಥ ರಾತ್ರಿ ಮಲಗುವ ಮುಂಚೆ ಒಮ್ಮೆ, ನಡುರಾತ್ರಿ ಒಮ್ಮೆ ನೋಡಿ.

ಆ ಮೂರು ಗಂಟೆಯ 2 ಯೂನಿಟ್ ಬಗ್ಗೆ. ಊಟದ ಇನ್ಸುಲಿನ್ ಕೊಟ್ಟು ಮೂರು ನಾಲ್ಕು ಗಂಟೆ ಆಗುವ ತನಕ ಮೇಲಿಂದ ಮತ್ತೆ ಕೊಡಬೇಡಿ. ಮೊದಲು ಕೊಟ್ಟದ್ದು ಇನ್ನೂ ಮೈಯೊಳಗೆ ಇದೆ. 280 ಅಂತ ಕಂಡಾಗ ಕೈ ಕಟ್ಟಿಕೊಂಡು ಕೂರುವುದು ಕಷ್ಟ, ಗೊತ್ತು. ಆಗ ನೀರು ಕುಡಿಸಿ, ಮಗಳನ್ನು ಕರೆದುಕೊಂಡು ಹದಿನೈದು ನಿಮಿಷ ಅಂಗಳದಲ್ಲೋ ರಸ್ತೆಯಲ್ಲೋ ಅಡ್ಡಾಡಿ. ನಡೆಯುವಾಗ ಕಾಲಿನ ಸ್ನಾಯು ರಕ್ತದ ಸಕ್ಕರೆಯನ್ನು ತಾನಾಗಿಯೇ ಎಳೆದುಕೊಳ್ಳುತ್ತದೆ. ನಿಜ ಹೇಳಬೇಕೆಂದರೆ, ದಿನಾ ಊಟ ಆದ ಅರ್ಧ ಗಂಟೆಗೆ ಹೀಗೆ ನಡೆದರೆ ಆ ಗುಡ್ಡ ಅಷ್ಟು ಎತ್ತರಕ್ಕೆ ಏರೋದೇ ಇಲ್ಲ. ಪಾತ್ರೆ ತೊಳೆದು, ನೆಲ ಒರೆಸಿದರೂ ಆದೀತು. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ. ಸೆನ್ಸರ್ ಹಾಕಿದಾಗ ಇನ್ನೊಂದು ಗೊತ್ತಿರಲಿ. ಅದು ನೋಡೋದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು. ಐದು ಹತ್ತು ನಿಮಿಷ ಹಿಂದೆ ಇರುತ್ತದೆ. ಬೇಗ ಏರುವಾಗ ಇಳಿಯುವಾಗ ಬೆರಳು ಚುಚ್ಚಿ ಒಮ್ಮೆ ಹೋಲಿಸಿ ನೋಡಿ.

ಇಳಿದಾಗ ಏನು ಮಾಡಬೇಕು ಅಂತ ನಿಮಗೆ ಗೊತ್ತಿದೆ ಅಂದುಕೊಳ್ಳುತ್ತೇನೆ, ಆದರೂ. 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರಿಲ್ಲ ಅಂದರೆ ಮತ್ತೊಮ್ಮೆ. ಚಾಕೊಲೇಟ್ ಬೇಡ, ಅದರ ಕೊಬ್ಬು ನಿಧಾನ ಮಾಡುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ.

ಹೊತ್ತು ಸರಿ ಮಾಡಿದ ಮೇಲೂ ಏರುತ್ತಿದ್ದರೆ ಅವಳ ಹೊಟ್ಟೆ ಮುಟ್ಟಿ ನೋಡಿ. ಹೊಕ್ಕುಳಿನ ಎರಡೂ ಕಡೆ ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಬನ್ನಿ. ಎಲ್ಲಾದರೂ ರಬ್ಬರಿನ ಹಾಗೆ ಗಟ್ಟಿ, ಉಬ್ಬು ಸಿಕ್ಕಿತಾ? ಒಂದೇ ಕಡೆ ಚುಚ್ಚಿ ಚುಚ್ಚಿ ಅಲ್ಲಿ ಕೊಬ್ಬು ಗಂಟು ಕಟ್ಟಿರುತ್ತದೆ. ಅಲ್ಲಿ ನೋವು ಕಡಿಮೆ, ಅದಕ್ಕೇ ಮಕ್ಕಳು ಅಲ್ಲೇ ಚುಚ್ಚಿಕೊಳ್ಳುತ್ತಾರೆ. ಆದರೆ ಆ ಗಂಟಿನಿಂದ ಇನ್ಸುಲಿನ್ ಒಂದು ದಿನ ತಡವಾಗಿ ಬರುತ್ತದೆ, ಇನ್ನೊಂದು ದಿನ ಬೇಗ ಬರುತ್ತದೆ. ಆ ಜಾಗ ಕೆಲವು ತಿಂಗಳು ಬಿಡಿಸಿ. ಹೊಸ ಜಾಗದಲ್ಲಿ ಅದೇ ಡೋಸ್ ಜಾಸ್ತಿ ಕೆಲಸ ಮಾಡಬಹುದು, ಆ ವಾರ ಶುಗರ್ ಪದೇ ಪದೇ ನೋಡಿ, ಡೋಸ್ ತಗ್ಗಿಸಬೇಕಾ ಅಂತ ಡಾಕ್ಟರನ್ನು ಕೇಳಿ. ಇನ್ಸುಲಿನ್ ಪೆನ್ನನ್ನೂ ನೋಡಿ. ಬಳಸುತ್ತಿರುವ ಪೆನ್ ಸಾಮಾನ್ಯವಾಗಿ ನಾಲ್ಕು ವಾರ ಹೊರಗೆ ಇಡಬಹುದು, ಆದರೆ 30 ಡಿಗ್ರಿ ಮೀರಬಾರದು. ನಮ್ಮ ಕರಾವಳಿಯ ಏಪ್ರಿಲ್ ಮೇ ಸೆಕೆಯಲ್ಲಿ ಶಾಲೆಯ ಚೀಲದೊಳಗೆ ಎಷ್ಟಿರುತ್ತದೆ ಅಂತ ನೀವೇ ಯೋಚಿಸಿ. ಕರೆಂಟ್ ಹೋಗುವ ಕಡೆ ನೀರಿನ ಮಡಕೆ ಒಳ್ಳೆಯದು. ಹಸಿ ಮರಳಿನ ಮೇಲೆ ಮಡಕೆ ಇಟ್ಟು, ಪೆನ್ ಒದ್ದೆಯಾಗದ ಹಾಗೆ ಡಬ್ಬಿಯಲ್ಲಿ ಹಾಕಿ ಅದರೊಳಗೆ ಇಡಿ. ಫ್ರೀಜರ್‌ನಲ್ಲಿ ಮಾತ್ರ ಬೇಡವೇ ಬೇಡ.

14 ವರ್ಷ ಅನ್ನೋದನ್ನೂ ಮರೆಯಬೇಡಿ. ಮೈ ಬೆಳೆಯುವ ಹಾರ್ಮೋನುಗಳು ಇನ್ಸುಲಿನ್ನಿಗೆ ಅಡ್ಡ ನಿಲ್ಲುತ್ತವೆ. ಮುಟ್ಟಿನ ದಿನಗಳ ಹಿಂದೆ ಮುಂದೆಯೂ ಹಲವರಿಗೆ ಶುಗರ್ ಏರುತ್ತದೆ. ಈ ವಯಸ್ಸಿನಲ್ಲಿ ಡೋಸ್ ಜಾಸ್ತಿ ಬೇಕಾಗುವುದು ಸಹಜ, ಅವಳು ಕದ್ದು ತಿಂದಿದ್ದಾಳೆ ಅಂತ ಅರ್ಥ ಅಲ್ಲ. ಶಾಲೆಯಿಂದ ಬಂದ ಕೂಡಲೇ "ಎಷ್ಟಿತ್ತು?" ಅಂತ ಕೇಳಬೇಡಿ. ನೀರು ಕೊಡಿ, ಕೂರಲಿ, ಆಮೇಲೆ ಕೇಳಿ. ಬೈಸಿಕೊಳ್ಳುವ ಮಕ್ಕಳು ಅಂಕಿ ಸುಳ್ಳು ಹೇಳಲು ಕಲಿಯುತ್ತಾರೆ, ಆ ಸುಳ್ಳು ಅಂಕಿಯ ಮೇಲೆ ನಾವು ಡೋಸ್ ಹೇಳಿದರೆ ಅದು ಅವರ ಜೀವಕ್ಕೇ ಬರುತ್ತದೆ. ಶಾಲೆಯಲ್ಲಿ ಊಟದ ಗಂಟೆಗೆ ಹದಿನೈದು ನಿಮಿಷ ಮುಂಚೆ ಕ್ಲಾಸಿನಲ್ಲೇ ಇಂಜೆಕ್ಷನ್ ತೆಗೆದುಕೊಳ್ಳಲು ಹೆಡ್ ಮಾಸ್ತರರಿಗೆ ಒಂದು ಪತ್ರ ಕೊಡಿ, ಡಾಕ್ಟರ ಚೀಟಿ ಲಗತ್ತಿಸಿ. ಪಕ್ಕದಲ್ಲಿ ಕೂರುವ ಗೆಳತಿಗೂ ಗೊತ್ತಿರಲಿ.

ಎಷ್ಟಿದ್ದರೆ ಸರಿ ಅಂತ ನೀವು ಕೇಳಿಲ್ಲ, ಆದರೆ ನಿಮ್ಮ ಗಾಬರಿ ಅದೇ ತಾನೆ. ಊಟದ ನಂತರ 180ರ ಒಳಗೆ ಇರಲಿ ಅನ್ನೋದು ಗುರಿ. ದಿನದ ನೂರರಲ್ಲಿ 70 ಭಾಗ ಹೊತ್ತು 70ರಿಂದ 180ರ ನಡುವೆ ಇದ್ದರೆ ಚೆನ್ನಾಗಿ ನೋಡಿಕೊಳ್ಳುತ್ತಿದ್ದೀರಿ ಅಂತಲೇ ಲೆಕ್ಕ. ಅಂದರೆ ಉಳಿದ 30 ಭಾಗ ಹೊರಗೆ ಹೋಗುತ್ತದೆ ಅಂತ ಡಾಕ್ಟರುಗಳೇ ಒಪ್ಪಿಕೊಂಡಿದ್ದಾರೆ. ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ 1,441 ಟೈಪ್ 1 ರೋಗಿಗಳನ್ನು ವರ್ಷಗಟ್ಟಲೆ ನೋಡಿದ ದೊಡ್ಡ ಅಧ್ಯಯನ ಒಂದಿದೆ. ಶುಗರ್ ಬಿಗಿಯಾಗಿ ನೋಡಿಕೊಂಡವರಲ್ಲಿ ಕಣ್ಣು, ಕಿಡ್ನಿ, ನರದ ತೊಂದರೆ ಬಹಳ ಕಡಿಮೆಯಾಯಿತು. ಆ ಲಾಭ ಬಂದದ್ದು ವರ್ಷಗಳ ಸರಾಸರಿಯಿಂದ. ಒಂದು ಭಾನುವಾರದ 280ರಿಂದ ಕಣ್ಣು ಹೋಗೋದಿಲ್ಲ.

ಹೆದರಬೇಕಾದ ಏರಿಕೆ ಬೇರೆ ಇದೆ. 250ರ ಮೇಲೆ ಗಂಟೆಗಟ್ಟಲೆ ನಿಂತು ಇಳಿಯದೆ, ವಾಂತಿ, ಹೊಟ್ಟೆನೋವು, ಜೋರು ಜೋರಾಗಿ ಉಸಿರು ಬಂದರೆ ಅದು ಕೀಟೋನ್, ಅಂದರೆ ಇನ್ಸುಲಿನ್ ಸಾಲದೆ ಕೊಬ್ಬು ಕರಗಿ ರಕ್ತಕ್ಕೆ ಸೇರುವ ಆಮ್ಲ. ಮೂತ್ರದ ಕೀಟೋನ್ ಪಟ್ಟಿ ಮನೆಯಲ್ಲಿಟ್ಟುಕೊಳ್ಳಿ. ಇಂಥ ಹೊತ್ತಿನಲ್ಲಿ ನಡೆಸುವುದು, ಕಾಯುವುದು ಏನೂ ಬೇಡ, ಆಸ್ಪತ್ರೆಗೆ ಹೋಗಿ. ಊಟ ಸೇರದಿದ್ದರೂ ರಾತ್ರಿಯ ಗ್ಲಾರ್ಜಿನ್ ನಿಲ್ಲಿಸಬಾರದು. ಕಷಾಯ ಕುಡಿಸಿ ಇನ್ಸುಲಿನ್ ಬಿಡಿಸುತ್ತೇವೆ ಅನ್ನುವವರು ನಿಮಗೂ ಸಿಕ್ಕಿರುತ್ತಾರೆ. ಮೆಂತ್ಯ, ಹಾಗಲಕಾಯಿ ಊಟದಲ್ಲಿ ತಿನ್ನಲಿ. ಇನ್ಸುಲಿನ್ ಬಿಡಿಸುವ ಮಾತು ಬಂದರೆ ಅಲ್ಲಿಂದ ಎದ್ದು ಬನ್ನಿ. ಟೈಪ್ 1 ಮಗು ಅದಿಲ್ಲದೆ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯದ ಹಂತಕ್ಕೆ ಹೋಗುತ್ತದೆ.

ಇನ್ನು ಇಷಾಡ. ಕೊಡಿ. ಖಂಡಿತ ಕೊಡಿ. ಅಂಕೋಲಾದಲ್ಲಿ ಹುಟ್ಟಿ ಮೇ ತಿಂಗಳಲ್ಲಿ ಇಷಾಡ ತಿನ್ನದೆ ಇರೋದು ಅಂದರೇನು? ಮಾವಿನ ತಿರುಳು 100 ಗ್ರಾಂಗೆ ಸುಮಾರು 15 ಗ್ರಾಂ ಕಾರ್ಬ್, ತೀರಾ ಸಿಹಿ ಹಣ್ಣಾದರೆ ಇನ್ನೂ ಸ್ವಲ್ಪ ಜಾಸ್ತಿ. ಹೆಚ್ಚಿದ ಹೋಳು ತಕ್ಕಡಿಗೆ ಹಾಕಿ, ಊಟದ ಲೆಕ್ಕಕ್ಕೆ ಸೇರಿಸಿ, ಇನ್ಸುಲಿನ್ ಒಟ್ಟಿಗೇ ಮುಂಚೆ ಕೊಡಿ. ನಾಲ್ಕು ಗಂಟೆಗೆ ಬರಿಹೊಟ್ಟೆಗೆ ತಿನ್ನೋದಕ್ಕಿಂತ ಊಟದ ಕೊನೆಗೆ ತಿಂದರೆ ಒಳ್ಳೆಯದು. ರಸ ಹಿಂಡಿ ಕುಡಿಯೋದಕ್ಕಿಂತ ಹೋಳು ವಾಸಿ. ಮತ್ತೆ, ತಿಂದ ಮೇಲೆ ಬೆರಳು ಚುಚ್ಚುವ ಮುಂಚೆ ಸೋಪು ಹಚ್ಚಿ ಕೈ ತೊಳೆದು ಒರೆಸಿಕೊಳ್ಳಲಿ. ಒಬ್ಬ ಹುಡುಗ ಮಾವಿನ ಕೈಯಲ್ಲೇ ಚುಚ್ಚಿಕೊಂಡು 312 ಅಂತ ನನ್ನ ಮುಂದೆ ಅಳುತ್ತಾ ಕೂತಿದ್ದ. ಕೈ ತೊಳೆಸಿ ಮತ್ತೆ ನೋಡಿದರೆ 154.